ನಾಯಿ ಛಾಪಿನ ಪ್ಲೇಟುಗಳ ವಾರಸುದಾರರು

(ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಹುಬ್ಬಳ್ಳಿ-ಧಾರವಾಡದ ಸಂಗೀತ ಪರಂಪರೆಯ ಬಗ್ಗೆ ಪ್ರತಿವರ್ಷ ಒಂದು ಉಪನ್ಯಾಸ ಆಗಬೇಕು ಎಂಬುದು ಈ ದತ್ತಿಯ ಆಶಯ. ಘರಾಣೆಗಳ ಬಗ್ಗೆ, ಗುರುಶಿಷ್ಯರ ಬಗ್ಗೆ ನನಗಿಂತ ಬಲ್ಲವರು ಮಾತಾಡಿದ್ದಾರೆ, ಮುಂದೆಯೂ ಮಾತಾಡುತ್ತಾರೆ. ನಾನು ಇವತ್ತು ಆರಿಸಿಕೊಂಡಿರುವುದು ಅರಗು, ಕಲ್ಲಿನಪುಡಿ, ಕಾಡಿಗೆ ಬೆರೆಸಿ ಒತ್ತಿದ ಒಂದು ಕಪ್ಪು ವಸ್ತುವನ್ನು. ನಮ್ಮ ಹಿರಿಯರು ಅದನ್ನು ಪ್ಲೇಟು ಎಂದರು, ರಿಕಾರ್ಡು ಎಂದರು. ಕಹಳೆಯ ಮುಂದೆ ಕೂತ ನಾಯಿಯ ಚಿತ್ರ ಇದ್ದರೆ ನಾಯಿ ಛಾಪಿನ ಪ್ಲೇಟು ಎಂದರು. ಆ ಪ್ಲೇಟುಗಳನ್ನು ಕೂಡಿಡುವವರು ಯಾರು, ಮತ್ತೆ ಹೊರತರುವ ಅಧಿಕಾರ ಯಾರಿಗಿದೆ, ಹೊರತಂದರೆ ಹೇಗೆ ತರಬೇಕು ಎಂಬುದೇ ನನ್ನ ವಿಷಯ.

1930ರ ದಶಕದ ಮೊದಲ ವರ್ಷಗಳಲ್ಲಿ ಆ ನಾಯಿ ಛಾಪಿನ ಎಚ್‌ಎಂವಿ ಕಂಪನಿ ನಮ್ಮ ಊರಿನ ಒಬ್ಬ ಹುಡುಗಿಯ ಹಾಡುಗಳನ್ನು ಮುದ್ರಿಸಿತು. ಲೇಬಲ್ಲಿನ ಮೇಲಿದ್ದ ಹೆಸರು ಗಾಂಧಾರಿ ಹಾನಗಲ್. 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಹುಟ್ಟಿ, 1928ರಲ್ಲಿ ಮನೆಯವರೊಂದಿಗೆ ಹುಬ್ಬಳ್ಳಿಗೆ ಬಂದು, 2009ರ ಜುಲೈ 21ರಂದು ಇದೇ ಊರಿನಲ್ಲಿ ತೀರಿಕೊಂಡ ಗಂಗೂಬಾಯಿಯವರೇ ಆ ಗಾಂಧಾರಿ. ಬೀದಿಯಲ್ಲಿ ಗ್ರಾಮಫೋನ್ ಸದ್ದು ಕೇಳಿದರೆ ಸಾಕು, ಹೊರಗೋಡಿ ನಿಂತು ಕೇಳಿ, ಕೇಳಿದ್ದನ್ನು ಹಾಗೇ ಹಾಡಲು ನೋಡುತ್ತಿದ್ದೆ ಎಂದು ಅವರೇ ತಮ್ಮ ಬಾಲ್ಯವನ್ನು ನೆನೆದಿದ್ದಾರೆ. ಹಾಗೆ ಕೇಳಿದ ಹುಡುಗಿಯೇ ಕೆಲವು ವರ್ಷಗಳಲ್ಲಿ ಪ್ಲೇಟಿನೊಳಗೆ ಹೋದಳು. ಖಯಾಲುಗಳನ್ನು ಹಾಡಿದಳು, ಜಿ.ಎನ್. ಜೋಶಿಯವರ ಜೊತೆಗೂಡಿ ಮರಾಠಿ ಗೀತೆಗಳನ್ನೂ ಹಾಡಿದಳು.

ಆ ಪ್ಲೇಟುಗಳನ್ನು ಕೇಳಿದವರಿಗೆ ಮೊದಲು ಆಗುವುದು ಅಚ್ಚರಿ. ನಾವು ಬಲ್ಲ ಗಂಗೂಬಾಯಿಯವರದು ಗಂಭೀರವಾದ, ಗಂಡುದನಿಗೆ ಸಮೀಪದ ದನಿ. ಸಭೆಯ ಕೊನೆಯ ಸಾಲಿನಲ್ಲಿ ಕೂತವರ ಎದೆಯನ್ನೂ ತಟ್ಟುತ್ತಿದ್ದ ದನಿ. ಗಾಂಧಾರಿಯದು ತೆಳುವಾದ, ಏರುಶ್ರುತಿಯ, ಚುರುಕಾದ ಹೆಣ್ಣುದನಿ. ಗಂಟಲಿಗೆ ಆದ ಚಿಕಿತ್ಸೆಯ ನಂತರ ಅವರ ದನಿ ಬದಲಾಯಿತು; ಬದಲಾದ ದನಿಯನ್ನೇ ಅವರು ಸಾಧನೆಯಿಂದ ದೊಡ್ಡ ಸಂಗೀತವನ್ನಾಗಿ ಮಾಡಿದರು. ಆ ಸಾಧನೆ ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಮೊದಲು ಇದ್ದ ದನಿ ಹೇಗಿತ್ತು ಎಂದು ಗೊತ್ತಿರಬೇಕು. ಅದಕ್ಕೆ ಸಾಕ್ಷಿಯಾಗಿ ಉಳಿದಿರುವುದು ಮೂರು ಮೂರೂಕಾಲು ನಿಮಿಷದ ಆ ಪ್ಲೇಟುಗಳು. ಅವು ಒಡೆದುಹೋದರೆ ಗಂಗೂಬಾಯಿಯವರ ಜೀವನಚರಿತ್ರೆಯ ಮೊದಲ ಅಧ್ಯಾಯವನ್ನು ನಾವು ಕಿವಿಯಿಂದ ಓದಲಾರೆವು.

ಮಲ್ಲಿಕಾರ್ಜುನ ಮನ್ಸೂರರ ಮಾತೂ ಹೀಗೆಯೇ. 1992ರ ಸೆಪ್ಟೆಂಬರ್ 12ರಂದು ಅವರು ತೀರಿಕೊಂಡಾಗ ನಮ್ಮ ಕಿವಿಯಲ್ಲಿ ಇದ್ದದ್ದು ಎಪ್ಪತ್ತು ದಾಟಿದ ಅವರ ದನಿ. ಮಿರಜಿನಲ್ಲಿ ನೀಲಕಂಠಬುವಾ ಆಲೂರಮಠರ ಬಳಿ ಕಲಿತ ಯುವಕನ ದನಿಗೆ ಹೋಗಬೇಕಾದರೆ ಎಚ್‌ಎಂವಿಯ ಹಳೆಯ ಪ್ಲೇಟುಗಳ ಬಾಗಿಲು ತಟ್ಟಬೇಕು. ಇನ್ನು ಭೀಮಸೇನ ಜೋಶಿಯವರ ಕಥೆ ಎಲ್ಲರಿಗೂ ಗೊತ್ತು. ಅಬ್ದುಲ್ ಕರೀಮ್ ಖಾನರ ಝಿಂಝೋಟಿ ಠುಮ್ರಿಯ ಪ್ಲೇಟು ಗದುಗಿನ ಹುಡುಗನ ಕಿವಿಗೆ ಬಿತ್ತು. ಅಂಥ ಹಾಡು ಹಾಡಬೇಕು ಎಂದು ಹುಡುಗ ಮನೆ ಬಿಟ್ಟು ಹೊರಟ, ಊರೂರು ಸುತ್ತಿ ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಬಳಿಗೆ ಬಂದ. ಗುರುಮುಖದಿಂದ ಬಂದ ವಿದ್ಯೆ ಎಂದು ನಾವು ಹೇಳಿಕೊಳ್ಳುತ್ತೇವೆ, ಅದು ನಿಜ. ಆದರೆ ಆ ಗುರುವನ್ನು ಹುಡುಕಿಕೊಂಡು ಹೋಗುವ ಹುಚ್ಚು ಹಿಡಿಸಿದ್ದು ಪ್ಲೇಟು.

ಈ ಪ್ಲೇಟುಗಳು ತಯಾರಾದ ಬಗೆಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಹಕ್ಕಿನ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ಮುಂದೆ ಎಚ್‌ಎಂವಿ ಎಂದು ಹೆಸರಾದ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಹಾಡನ್ನು ಮುದ್ರಿಸಿದ. ಮೊದಮೊದಲು ಅಚ್ಚುಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಪ್ಲೇಟಾಗಿ ಬರುತ್ತಿದ್ದವು. ಹಾಡಿನ ಕೊನೆಗೆ ಕಲಾವಿದರು ತಮ್ಮ ಹೆಸರನ್ನು ಜೋರಾಗಿ ಕೂಗುತ್ತಿದ್ದದ್ದು ಅದಕ್ಕೇ. ಭಾಷೆ ಬಾರದ ಕಾರ್ಖಾನೆಯವರಿಗೆ ಯಾರ ಹಾಡು ಯಾವುದು ಎಂದು ತಿಳಿಯಲಿ ಎಂದು. 1908ರಲ್ಲಿ ಕಲಕತ್ತೆಯ ಸಿಯಾಲ್ದಾದಲ್ಲಿ, 1928ರಲ್ಲಿ ದಮ್‌ದಮ್‌ನಲ್ಲಿ ಕಾರ್ಖಾನೆ ಬಂತು. ಆ ಹೊತ್ತಿಗೆ ಮೈಕಿನ ಮುಂದೆ ಹಾಡುವ ವಿದ್ಯುತ್ ಮುದ್ರಣವೂ ಬಂದಿತ್ತು. ಓಡಿಯನ್, ಕೊಲಂಬಿಯಾ ಪೈಪೋಟಿಗೆ ಇದ್ದವು. 1935ರಿಂದ ಮುಂಬೈಯ ಯಂಗ್ ಇಂಡಿಯಾ ಎಂಬ ಸ್ವದೇಶಿ ಲೇಬಲ್ಲೂ ಇತ್ತು.

ಕಂಪನಿ ಲೇಬಲ್ಲಿನ ಮೇಲೆ ಏನು ಬರೆಯಿತು? ಹಾಡಿದವರ ಹೆಸರು, ರಾಗದ ಹೆಸರು, ಒಂದು ನಂಬರು. ತಬಲಾ ಯಾರದು, ಸಾರಂಗಿ ಯಾರದು, ಹಾರ್ಮೋನಿಯಂ ಯಾರದು ಎಂದು ಬರೆದ ಲೇಬಲ್ಲುಗಳು ಬಹಳ ವಿರಳ. ಹಾರ್ಮೋನಿಯಂ ಪೇಟಿಯ ಮುಂದೆ ಕೂತ ಮನುಷ್ಯ ನುಡಿಸಿದ್ದು ಕೇಳುತ್ತದೆ, ಮನುಷ್ಯನ ಹೆಸರು ಸಿಗುವುದಿಲ್ಲ. ನಮ್ಮ ಸಂಗೀತ ಚರಿತ್ರೆಗೆ ಆದ ಬಹುದೊಡ್ಡ ನಷ್ಟ ಇದು ಎಂದು ನಾನು ತಿಳಿದಿದ್ದೇನೆ.

ಈಗ ಕಾನೂನಿಗೆ ಬರುತ್ತೇನೆ. ಪ್ಲೇಟು ಕೂಡಿಟ್ಟವರಲ್ಲಿ ಹಲವರು ಅವನ್ನು ಯಾರಿಗೂ ಕೇಳಿಸುವುದಿಲ್ಲ. ಕಾರಣ ಕೇಳಿದರೆ ಕಂಪನಿಯವರು ಕೇಸು ಹಾಕುತ್ತಾರೆ ಎಂಬ ಉತ್ತರ. ಇನ್ನು ಕೆಲವರು, ಪ್ಲೇಟು ನಾನು ದುಡ್ಡು ಕೊಟ್ಟು ಕೊಂಡದ್ದು, ಅದರೊಳಗಿನ ಹಾಡೂ ನನ್ನದೇ ಎನ್ನುತ್ತಾರೆ. ಎರಡೂ ತಪ್ಪು.

ಪ್ಲೇಟನ್ನು ಕೊಂಡವನಿಗೆ ಆ ತಟ್ಟೆಯ ಮೇಲೆ ಒಡೆತನ ಇದೆಯೇ ಹೊರತು ಅದನ್ನು ನಕಲು ಮಾಡಿ ಮಾರುವ ಹಕ್ಕು ಅದರಿಂದ ಬರುವುದಿಲ್ಲ. ಆ ಹಕ್ಕು ಮುದ್ರಿಸಿದ ಕಂಪನಿಯದು. ಆದರೆ ಎಂದೆಂದಿಗೂ ಅಲ್ಲ. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಯ 27ನೆಯ ಕಲಮಿನ ಪ್ರಕಾರ, ಧ್ವನಿಮುದ್ರಿಕೆ ಹೊರಬಂದ ವರ್ಷದ ಮರುವರ್ಷದ ಜನವರಿ 1ರಿಂದ ಎಣಿಸಿ 60 ವರ್ಷ ಆ ಹಕ್ಕು ಇರುತ್ತದೆ, ಆಮೇಲೆ ಅದು ಎಲ್ಲರ ಸ್ವತ್ತು. ಮೊದಲು ಈ ಅವಧಿ 50 ವರ್ಷ ಇತ್ತು. ಸಾಹಿತ್ಯಕ್ಕೂ ಆಗ ಕವಿಯ ಮರಣದಿಂದ 50 ವರ್ಷವೇ; ರವೀಂದ್ರನಾಥ ಟಾಗೋರರು ತೀರಿಕೊಂಡದ್ದು 1941ರಲ್ಲಿ. ಅವರ ಕೃತಿಗಳ ಮೇಲಿನ ಹಕ್ಕು 1991ರ ಕೊನೆಗೆ ಮುಗಿಯಲಿತ್ತು. ಆ ಡಿಸೆಂಬರಿನಲ್ಲೇ ಸುಗ್ರೀವಾಜ್ಞೆ ಬಂತು, 1992ರಲ್ಲಿ ತಿದ್ದುಪಡಿ ಆಯಿತು, 50 ಇದ್ದದ್ದು 60 ಆಯಿತು. ಶಾಂತಿನಿಕೇತನದ ಕವಿಗಾಗಿ ಮಾಡಿದ ಏರ್ಪಾಡಿನಿಂದ 1941ರ ಮತ್ತು ಆಮೇಲಿನ ನಮ್ಮ ಪ್ಲೇಟುಗಳೂ ಇನ್ನು ಹತ್ತು ವರ್ಷ ಬೀಗದೊಳಗೆ ಉಳಿದವು.

ಅದೂ ಕಳೆದುಹೋದ ಮಾತು. ಗಾಂಧಾರಿಯ ಹಾಡುಗಳ ಮೇಲಿನ ಕಂಪನಿಯ ಹಕ್ಕು ಮುಗಿದು ದಶಕಗಳಾದವು. ಮನ್ಸೂರರ 1930ರ ದಶಕದ ಪ್ಲೇಟು, ಸವಾಯಿ ಗಂಧರ್ವರ ಪ್ಲೇಟು, ಅಬ್ದುಲ್ ಕರೀಮ್ ಖಾನರ ಪ್ಲೇಟು, ಬೀಳಗಿಯ ಅಮೀರಬಾಯಿ ಕರ್ನಾಟಕಿಯವರ ಹಳೆಯ ಪ್ಲೇಟು, ಸುಳೇಭಾವಿಯಿಂದ ಹೊರಟ ಬಾಲಕ ಕುಮಾರ ಗಂಧರ್ವರ ಪ್ಲೇಟು, ಎಲ್ಲವೂ ಆ ಲೆಕ್ಕದಲ್ಲಿ ಮುಕ್ತ. 1965ರವರೆಗೆ ಹೊರಬಂದ ಯಾವುದೇ ಧ್ವನಿಮುದ್ರಿಕೆಯ ಅವಧಿ 2025ರ ಡಿಸೆಂಬರ್ 31 ದಾಟುವುದಿಲ್ಲ.

ಆದರೆ ಒಂದು ಪ್ಲೇಟಿನಲ್ಲಿ ಒಂದೇ ಹಕ್ಕು ಇರುವುದಿಲ್ಲ. ಮುದ್ರಿಕೆಯ ಹಕ್ಕು ಬೇರೆ, ಸಾಹಿತ್ಯದ ಹಕ್ಕು ಬೇರೆ, ಸ್ವರಸಂಯೋಜನೆಯ ಹಕ್ಕು ಬೇರೆ. ಸಾಹಿತ್ಯಕ್ಕೆ ಲೆಕ್ಕ ಹಿಡಿಯುವುದು ಕವಿಯ ಮರಣದಿಂದ. ನಮ್ಮ ಬೇಂದ್ರೆಯವರು ತೀರಿಕೊಂಡದ್ದು 1981ರ ಅಕ್ಟೋಬರ್ 26ರಂದು. ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ವಾರಸುದಾರರಿಗೆ ಸೇರಿದ್ದು. ಕುವೆಂಪು ಅವರದು 2054ರ ಕೊನೆಯವರೆಗೆ. 1950ರ ದಶಕದಲ್ಲಿ ಯಾರೋ ಬೇಂದ್ರೆಯವರ ಭಾವಗೀತೆ ಹಾಡಿ ಪ್ಲೇಟು ಬಂದಿತ್ತು ಎಂದುಕೊಳ್ಳಿ. ಆ ಧ್ವನಿಮುದ್ರಿಕೆ ಮುಕ್ತ, ಅದರೊಳಗಿನ ಕವಿತೆ ಮುಕ್ತವಲ್ಲ. ಅದನ್ನು ಮತ್ತೆ ಹೊರತರುವವನು ಕವಿಯ ಮನೆಯವರನ್ನು ಕೇಳಲೇಬೇಕು. ಸಂಗೀತ ಕೂಡಿಸಿದವರ ಮರಣದ ವರ್ಷವನ್ನೂ ನೋಡಬೇಕು.

ಇಲ್ಲಿಯೇ ಹುಬ್ಬಳ್ಳಿ-ಧಾರವಾಡದ ಭಾಗ್ಯ ದೊಡ್ಡದು. ನಮ್ಮವರು ಪ್ಲೇಟಿಗೆ ಹಾಡಿದ್ದು ಹೆಚ್ಚಾಗಿ ಪಾರಂಪರಿಕ ಬಂದಿಶ್‌ಗಳನ್ನು, ವಚನಗಳನ್ನು, ದಾಸರ ಪದಗಳನ್ನು. ಬಂದಿಶ್‌ಗಳನ್ನು ಕಟ್ಟಿದ ಸದಾರಂಗ ಬಾಳಿದ್ದು ಹದಿನೆಂಟನೆಯ ಶತಮಾನದಲ್ಲಿ, ಮೊಹಮ್ಮದ್ ಶಾಹನ ದರಬಾರಿನಲ್ಲಿ. ಬಸವಣ್ಣ ಹನ್ನೆರಡನೆಯ ಶತಮಾನದವರು. ಈ ಮಾತುಗಳಿಗೆ ಯಾರ ಅಪ್ಪಣೆಯೂ ಬೇಡ. ಸಿನಿಮಾ ಹಾಡಿನ ಸಂಗ್ರಾಹಕನಿಗೆ, ನಾಟಕದ ಹಾಡಿನ ಸಂಗ್ರಾಹಕನಿಗೆ ಇಲ್ಲದ ಅನುಕೂಲ ಖಯಾಲಿನ ಸಂಗ್ರಾಹಕನಿಗೆ ಇದೆ.

ಜಾಝ್ ಸಂಗೀತದವರ ಕಡೆಗೆ ಒಮ್ಮೆ ನೋಡಬೇಕು, ಪ್ಲೇಟು ಕೂಡಿಡುವ ಕೆಲಸವನ್ನು ಶಾಸ್ತ್ರವನ್ನಾಗಿ ಬೆಳೆಸಿದವರು ಅವರು. 1923ರಲ್ಲಿ ಕಿಂಗ್ ಆಲಿವರ್ ಎಂಬ ಕರಿಯ ಕಲಾವಿದನ ತಂಡ ಅಮೆರಿಕದ ಇಂಡಿಯಾನಾ ರಾಜ್ಯದ ರಿಚ್‌ಮಂಡ್ ಊರಿಗೆ ಹೋಗಿ ಪ್ಲೇಟುಗಳನ್ನು ಮಾಡಿತು. ತಂಡದಲ್ಲಿ ಎರಡನೆಯ ಕಾರ್ನೆಟ್ ಊದುತ್ತಿದ್ದ ಹುಡುಗ ಲೂಯಿ ಆರ್ಮ್‌ಸ್ಟ್ರಾಂಗ್, ಮುಂದೆ ಆ ಸಂಗೀತಕ್ಕೇ ಹೊಸ ದಾರಿ ತೋರಿದವನು. ಲೇಬಲ್ಲಿನ ಮೇಲೆ ಇದ್ದದ್ದು ತಂಡದ ಹೆಸರು. ಯಾವ ಪ್ಲೇಟಿನಲ್ಲಿ ಯಾರು ಬಾರಿಸಿದರು, ಯಾವ ದಿನ, ಯಾವ ಊರಲ್ಲಿ ಎಂದು ಬದುಕಿದ್ದ ವಾದಕರನ್ನೇ ಕೇಳಿ, ಕಂಪನಿಯ ದಫ್ತರ ತಿರುವಿ, ಕಿವಿಗೊಟ್ಟು ಕೇಳಿ ಬರೆದಿಟ್ಟವರು ಸಂಗ್ರಾಹಕರು. 1936ರಲ್ಲಿಯೇ ಪ್ಯಾರಿಸಿನ ಶಾರ್ಲ್ ದೆಲೋನೆ ಜಾಝ್ ಪ್ಲೇಟುಗಳ ಅಂಥ ಒಂದು ಸೂಚಿಯನ್ನು ಪುಸ್ತಕವಾಗಿ ತಂದ. 1980ರ ದಶಕದಲ್ಲಿ ಶುರುವಾದ ಮೊಸಾಯಿಕ್ ಎಂಬ ಸಣ್ಣ ಕಂಪನಿ, ದೊಡ್ಡ ಕಂಪನಿಗಳಿಂದ ಕಾನೂನುಬದ್ಧವಾಗಿ ಅನುಮತಿ ಪಡೆದು, ಥೆಲೋನಿಯಸ್ ಮಂಕ್ ಮೊದಲಾದವರ ಮುದ್ರಿಕೆಗಳನ್ನು ವಾದಕರ ಹೆಸರು, ತಾರೀಖು, ವಿವರವಾದ ಟಿಪ್ಪಣಿಗಳ ಪುಸ್ತಿಕೆಯೊಂದಿಗೆ ಸೀಮಿತ ಸಂಖ್ಯೆಯಲ್ಲಿ ಹೊರತಂದಿತು. ಮರುಬಿಡುಗಡೆ ಎಂದರೆ ಹೀಗಿರಬೇಕು ಎಂದು ತೋರಿಸಿಕೊಟ್ಟವರು ಅವರು.

ಕಾನೂನಿನಲ್ಲಿ ಮಾತ್ರ ಅವರಿಗಿಂತ ನಾವು ಮೇಲು. ಅಮೆರಿಕದಲ್ಲಿ 2018ರ ಕಾಯಿದೆಯಂತೆ 1923ರಿಂದ 1946ರವರೆಗಿನ ಮುದ್ರಿಕೆಗಳಿಗೆ 100 ವರ್ಷದ ರಕ್ಷಣೆ. ಕಿಂಗ್ ಆಲಿವರನ ಆ ಪ್ಲೇಟುಗಳು ಅವನದೇ ದೇಶದಲ್ಲಿ ಮುಕ್ತವಾದದ್ದು 2024ರ ಜನವರಿ 1ರಂದು. ಯುರೋಪಿನಲ್ಲಿ ಬಹುಕಾಲ 50 ವರ್ಷ ಇದ್ದುದರಿಂದ ಅಲ್ಲಿನ ಸಣ್ಣ ಕಂಪನಿಗಳು ಅಮೆರಿಕದ ಹಳೆಯ ಜಾಝ್ ಅನ್ನು ಧಾರಾಳವಾಗಿ ಹೊರತಂದವು. 2011ರ ನಿರ್ದೇಶನದಿಂದ ಅಲ್ಲಿಯೂ ಅದು 70 ಆಯಿತು. ಇದರಿಂದ ನಮಗೊಂದು ಎಚ್ಚರಿಕೆ ಇದೆ. ಹುಬ್ಬಳ್ಳಿಯಲ್ಲಿ ಮುಕ್ತವಾದ ಪ್ಲೇಟು ಬೇರೆ ದೇಶದಲ್ಲೂ ಮುಕ್ತ ಎಂದು ತಿಳಿಯಬಾರದು. ಅಂತರ್ಜಾಲಕ್ಕೆ ಏರಿಸುವವರು ಅದನ್ನು ನೆನಪಿಡಬೇಕು.

ಹಕ್ಕು ಮುಗಿದರೆ ಕೆಲಸ ಮುಗಿಯಲಿಲ್ಲ, ಕೆಲಸ ಶುರುವಾಯಿತು. ಈ ಮಾತನ್ನು ಧಾರವಾಡದ ನೆರಳಿನಲ್ಲಿ ನಿಂತು ಹೇಳಲು ನನಗೆ ಧೈರ್ಯ ಇದೆ. ಫ.ಗು. ಹಳಕಟ್ಟಿಯವರು ವಚನಗಳ ಓಲೆಗರಿಗಳನ್ನು ಮನೆಮನೆ ಅಲೆದು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ತಂದರು. ಅವರ ಹಿಂದೆ ಬಂದ ವಿದ್ವಾಂಸರು ಪ್ರತಿಗೆ ಪ್ರತಿ ಇಟ್ಟು ನೋಡಿ, ಪಾಠಾಂತರ ಗುರುತಿಸಿ, ಯಾವ ಪ್ರತಿ ಯಾವ ಮಠದ್ದು ಎಂದು ಬರೆದು ಸಂಪಾದಿಸಿದರು. ಹಳೆಯ ಪ್ಲೇಟನ್ನು ಹೊರತರುವುದೂ ಗ್ರಂಥಸಂಪಾದನೆಯೇ. ಓಲೆಗರಿಯನ್ನು ಸಂಪಾದಿಸಿದ ಶ್ರದ್ಧೆಯ ಕಾಲುಭಾಗ ನಾವು ಪ್ಲೇಟುಗಳಿಗೆ ಕೊಟ್ಟಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. 78 ಸುತ್ತಿನ ಪ್ಲೇಟು ಎನ್ನುತ್ತೇವೆ, ಆದರೆ ಹಳೆಯ ಪ್ಲೇಟುಗಳೆಲ್ಲ ಸರಿಯಾಗಿ 78 ಸುತ್ತಿನಲ್ಲೇ ಮುದ್ರಣವಾದವಲ್ಲ. ನಿಮಿಷಕ್ಕೆ 74 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಹಾರ್ಮೋನಿಯಂನ ಹೆಚ್ಚುಕಡಿಮೆ ಒಂದು ಮನೆ ಮೇಲೇರುತ್ತದೆ. ಕರಿ ಒಂದರಲ್ಲಿ ಹಾಡಿದವರು ಬಿಳಿ ಎರಡರಲ್ಲಿ ಹಾಡಿದಂತೆ ಕೇಳುತ್ತದೆ. ಲಯವೂ ಓಡುತ್ತದೆ, ತಾನ್ ಇದ್ದದ್ದಕ್ಕಿಂತ ಚುರುಕಾಗಿ ಕೇಳಿಸುತ್ತದೆ. ಇದನ್ನು ಕೇಳಿ, ಆ ಕಾಲದವರ ದನಿ ಇಷ್ಟು ಏರಿತ್ತು, ತಾನ್ ಇಷ್ಟು ವೇಗವಾಗಿತ್ತು ಎಂದು ಪ್ರಬಂಧ ಬರೆದರೆ ಅದು ಸಂಗೀತದ ಚರಿತ್ರೆ ಆಗುವುದಿಲ್ಲ, ಮೋಟಾರಿನ ಚರಿತ್ರೆ ಆಗುತ್ತದೆ. ಗಾಂಧಾರಿಯ ದನಿಯ ಬಗ್ಗೆ ನಾನು ಮೊದಲು ಹೇಳಿದ್ದಕ್ಕೂ ಈ ಪರೀಕ್ಷೆ ಬೇಕು. ಹಿಂದೆ ಕೇಳುವ ಪೇಟಿಯ ಶ್ರುತಿ, ಅದೇ ದಿನ ಮುದ್ರಣವಾದ ಬೇರೆ ಪ್ಲೇಟುಗಳ ಶ್ರುತಿ, ಇವನ್ನು ಹೊಂದಿಸಿ ನೋಡಿ ವೇಗ ನಿರ್ಧರಿಸಬೇಕು. ಇದಕ್ಕೆ ಬೇಕಾದದ್ದು ದುಬಾರಿ ಯಂತ್ರಕ್ಕಿಂತ ಮೊದಲು ಒಳ್ಳೆಯ ಕಿವಿ, ಒಳ್ಳೆಯ ಕಿವಿಗೆ ಈ ಅವಳಿ ಊರುಗಳಲ್ಲಿ ಬಡತನವಿಲ್ಲ.

ಮುಳ್ಳಿನ ವಿಷಯವೂ ಹೀಗೆಯೇ. ಎಲ್‌ಪಿಯ ಸಣ್ಣ ಮುಳ್ಳಿನಿಂದ 78ರ ಅಗಲ ಗೀರನ್ನು ಓದಿಸಿದರೆ ಸಂಗೀತಕ್ಕಿಂತ ಗರಗರ ಹೆಚ್ಚು ಬರುತ್ತದೆ. ಅದಕ್ಕೆ ಮೂರುಪಟ್ಟು ದಪ್ಪದ ಮುಳ್ಳು ಬೇಕು. ಅರಗಿನ ಪ್ಲೇಟಿಗೆ ಸ್ಪಿರಿಟ್ ಹಚ್ಚಬಾರದು, ಅರಗು ಕರಗುತ್ತದೆ. ಅಡ್ಡ ಪೇರಿಸಿ ಇಡಬಾರದು, ನೆಟ್ಟಗೆ ನಿಲ್ಲಿಸಬೇಕು. ತಗಡಿನ ಮಾಡಿನ ಅಟ್ಟ ಪ್ಲೇಟಿಗೆ ಮರಣಶಾಸನ. ಇನ್ನು ಗರಗರ ತೆಗೆಯುವ ಸಾಫ್ಟ್‌ವೇರ್. ಅತಿಯಾಗಿ ಉಜ್ಜಿದರೆ ತಂಬೂರಿಯ ಝೇಂಕಾರವೂ ಹೋಗುತ್ತದೆ, ದನಿಯ ಅಂಚೂ ಹೋಗುತ್ತದೆ. ಸ್ವಲ್ಪ ಸದ್ದು ಇರಲಿ, ಗಾಯಕಿ ಉಳಿಯಲಿ. ತೊಳೆಯದ ಮೂಲ ಕಡತವನ್ನು ಹಾಗೇ ಬೇರೆಯಾಗಿ ಇಡಬೇಕು. ಮುಂದಿನವರು ನಮಗಿಂತ ಚೆನ್ನಾಗಿ ಮಾಡಿಯಾರು.

ಈ ಕೆಲಸ ನಮ್ಮ ದೇಶದಲ್ಲಿ ಆಗೇ ಇಲ್ಲ ಎಂದಲ್ಲ. 1990ರಲ್ಲಿ ಮುಂಬೈಯಲ್ಲಿ ಶುರುವಾದ ಭಾರತೀಯ ರಿಕಾರ್ಡ್ ಸಂಗ್ರಾಹಕರ ಸಂಘ, ಸುರೇಶ ಚಾಂದವಣಕರ ಅವರ ಶ್ರಮದಿಂದ ತನ್ನದೇ ಪತ್ರಿಕೆ ನಡೆಸಿತು, ಬ್ರಿಟಿಷ್ ಲೈಬ್ರರಿಯ ನೆರವಿನಿಂದ ಯಂಗ್ ಇಂಡಿಯಾ ಪ್ಲೇಟುಗಳನ್ನು ಡಿಜಿಟಲ್ ಮಾಡಿಸಿತು. ಮದರಾಸಿನ ವಿ.ಎ.ಕೆ. ರಂಗರಾವ್ ಸಾವಿರಾರು ಪ್ಲೇಟುಗಳನ್ನು ಮಕ್ಕಳಂತೆ ಸಾಕಿದವರು. ಅಬ್ದುಲ್ ಕರೀಮ್ ಖಾನರ ಒಂದೊಂದು ಪ್ಲೇಟಿನ ವಿವರವನ್ನೂ ಕೂಡಿಸಿ ಪುಸ್ತಕ ಮಾಡಿದವರು ಆಸ್ಟ್ರೇಲಿಯಾದ ಮೈಕೆಲ್ ಕಿನ್ನಿಯರ್. ಖಾನಸಾಹೇಬರು ಮತ್ತೆ ಮತ್ತೆ ಬಂದು ಹಾಡಿದ ನೆಲ ನಮ್ಮದು, ಅವರ ಶಿಷ್ಯರು ಬಾಳಿದ ನೆಲ ನಮ್ಮದು. ಆ ಪುಸ್ತಕಕ್ಕೆ ನಾನು ಕೃತಜ್ಞ. ಗಂಗೂಬಾಯಿ, ಮನ್ಸೂರ, ಬಸವರಾಜ ರಾಜಗುರು ಇವರ ಬಗ್ಗೆ ಅಂಥ ಕೆಲಸ ಕನ್ನಡದಲ್ಲಿ, ಈ ಊರಿನಿಂದಲೇ ಆಗಬೇಕು.

ಸಾರ್ವಜನಿಕ ಗ್ರಂಥಾಲಯಗಳಿಗೆ 2012ರ ತಿದ್ದುಪಡಿ ಒಂದು ಬಾಗಿಲು ತೆರೆದಿದೆ. ಲಾಭಕ್ಕಾಗಿ ನಡೆಯದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿ ಇರುವ ಕೃತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು, ಹಕ್ಕಿನ ಅವಧಿ ಮುಗಿಯದೆ ಇದ್ದರೂ. ಮನೆಯಲ್ಲಿ ಕೊಳೆಯುವ ಪ್ಲೇಟನ್ನು ಅಂಥ ಗ್ರಂಥಾಲಯಕ್ಕೆ ಕೊಡುವುದರಲ್ಲಿ ಕಾನೂನಿನ ಯಾವ ಭಯವೂ ಇಲ್ಲ.

ಮನೆಯ ಬೈಠಕ್ಕುಗಳಲ್ಲಿ ಟೇಪು ಮಾಡಿಕೊಂಡ ಸಂಗೀತದ ಮಾತು ಬೇರೆ. ಅದು ಎಂದೂ ಪ್ರಕಟವಾದದ್ದಲ್ಲ, ಆ ಕಲಾವಿದ ಬಿಡುಗಡೆಗೆಂದು ಹಾಡಿದ್ದೂ ಅಲ್ಲ. ಕಲಾವಿದರ ಹಕ್ಕು ಎಂಬುದು 1994ರ ತಿದ್ದುಪಡಿಯಿಂದ ನಮ್ಮ ಕಾಯಿದೆಗೆ ಬಂತು, 1999ರಲ್ಲಿ ಅದರ ಅವಧಿ 25ರಿಂದ 50 ವರ್ಷಕ್ಕೆ ಏರಿತು. ಕಾನೂನು ಏನೇ ಇರಲಿ, ಕಲಾವಿದರ ಮನೆಯವರನ್ನು ಕೇಳದೆ ಅಂಥ ಟೇಪನ್ನು ಹೊರಗೆ ಬಿಡುವುದು ನನ್ನ ದೃಷ್ಟಿಯಲ್ಲಿ ವಿಶ್ವಾಸದ್ರೋಹ. ಟೇಪನ್ನು ಉಳಿಸಿ, ಬರೆದಿಡಿ, ಮನೆಯವರನ್ನು ಕೇಳಿ.

ಇಲ್ಲಿ ಕೂತವರಲ್ಲಿ ಯಾರ ಮನೆಯಲ್ಲಾದರೂ ಹಳೆಯ ಪ್ಲೇಟು ಇದ್ದರೆ, ಈ ವಾರವೇ ಅದನ್ನು ಅಟ್ಟದಿಂದ ಇಳಿಸಿ. ಗುಜರಿಯವರಿಗೆ ತೂಕಕ್ಕೆ ಹಾಕಬೇಡಿ, ಲೇಬಲ್ಲು ಕಿತ್ತು ಗೋಡೆಗೆ ಅಲಂಕಾರ ಮಾಡಬೇಡಿ. ಲೇಬಲ್ಲಿನ ಮೇಲೆ ಇರುವುದನ್ನೆಲ್ಲ, ನಂಬರನ್ನೂ ಸೇರಿಸಿ, ಒಂದು ಹಾಳೆಯಲ್ಲಿ ಬರೆಯಿರಿ. ಲೇಬಲ್ಲಿನ ಸುತ್ತ ಅರಗಿನ ಮೇಲೆ ಕೊರೆದ ಸಣ್ಣ ಅಂಕಿಗಳು ಕಾಣುತ್ತವೆ, ಅವನ್ನೂ ಬರೆಯಿರಿ. ಮುದ್ರಣದ ಕಾಲ ಹಿಡಿಯಲು ಅವೇ ಆಧಾರ. ಆ ಪ್ಲೇಟು ಮನೆಗೆ ಯಾರು ತಂದರು, ಅದರಲ್ಲಿ ಪೇಟಿ ಯಾರು ಬಾರಿಸಿದ್ದು ಎಂದು ಹೇಳಬಲ್ಲ ಹಿರಿಯರು ಮನೆಯಲ್ಲಿ ಇದ್ದರೆ ಅವರನ್ನು ಇಂದೇ ಕೇಳಿ ಬರೆದಿಡಿ. ಹಾಳೆ ತಯಾರಾದ ಮೇಲೆ ಪ್ಲೇಟು ಮನೆಯಲ್ಲಿ ಇರಲಿ ಅಥವಾ ಗ್ರಂಥಾಲಯಕ್ಕೆ ಹೋಗಲಿ, ಹಾಳೆ ಮಾತ್ರ ಅದರ ಜೊತೆಗೇ ಇರಲಿ.